ಹೊಳೆಯ ನೀರು, ಉಕ್ಕಿನ ಅಲಗು

ಊರಿನ ಕಮ್ಮಾರರ ಕುಲುಮೆಯನ್ನು ನೀವು ನೋಡಿರಬಹುದು. ಒಬ್ಬರು ತಿದಿ ಒತ್ತುತ್ತಿರುತ್ತಾರೆ. ಕಮ್ಮಾರರು ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಡುತ್ತಾರೆ. ಎದುರಿಗೆ ನಿಂತವರು ಚಮ್ಮಟಿಗೆಯಿಂದ ಬಡಿಯುತ್ತಾರೆ. ಅಲಗಿನ ಆಕಾರ ಬಂದ ಮೇಲೆ ಅದನ್ನು ಕಾಯಿಸಿ, ತಣಿಸಿ ಹದ ಮಾಡುತ್ತಾರೆ. ಕೊನೆಗೆ ಸಾಣೆ ಹಿಡಿಯುತ್ತಾರೆ. ಹೀಗೆ ಒಂದು ಕುಡುಗೋಲು ಸಿದ್ಧವಾಗಲು ನಾಲ್ಕು ಕೆಲಸಗಳು ನಡೆಯಬೇಕು: ಗಾಳಿ ಊದುವುದು, ಬಡಿಯುವುದು, ಹದ ಮಾಡುವುದು, ಮಸೆಯುವುದು.

ಇವುಗಳಲ್ಲಿ ಹದ ಮಾಡುವುದನ್ನು ಬಿಟ್ಟರೆ ಉಳಿದ ಮೂರಕ್ಕೂ ಬೇಕಾದುದು ಮುಖ್ಯವಾಗಿ ತೋಳಿನ ಬಲ. ಮನುಷ್ಯನ ತೋಳು ಬಹುಬೇಗ ದಣಿಯುತ್ತದೆ. ಆದ್ದರಿಂದ ಒಂದು ಕುಲುಮೆಯಲ್ಲಿ ದಿನಕ್ಕೆ ತಯಾರಾಗುವ ಅಲಗುಗಳ ಸಂಖ್ಯೆಗೆ ಮಿತಿ ಇದೆ. ಈ ಮೂರು ಕೆಲಸಗಳನ್ನೂ ಹರಿಯುವ ನೀರಿಗೆ ಒಪ್ಪಿಸಿದರೆ ಏನಾಗುತ್ತದೆ? ವಿದ್ಯುತ್ ಮೋಟಾರು ಬರುವುದಕ್ಕೆ ಬಹಳ ಹಿಂದೆಯೇ ಯುರೋಪಿನ ಕಮ್ಮಾರರು ಇದನ್ನು ಮಾಡಿ ತೋರಿಸಿದ್ದರು. ಅಂಥ ಒಂದು ಕಾರ್ಖಾನೆ ಇಂಗ್ಲೆಂಡಿನ ಷೆಫೀಲ್ಡ್ ನಗರದ ಅಂಚಿನಲ್ಲಿ ಹಾಗೆಯೇ ಉಳಿದುಕೊಂಡಿದೆ. ಅದರ ಹೆಸರು ಆಬಿಡೇಲ್. ಬನ್ನಿ, ಅಲ್ಲಿಗೆ ಒಂದು ಸುತ್ತು ಹೋಗಿ ಬರೋಣ.

ಐದು ಹೊಳೆಗಳ ಊರು

ಷೆಫೀಲ್ಡ್ ಚಾಕು, ಕತ್ತರಿಗಳಿಗೆ ಶತಮಾನಗಳಿಂದ ಹೆಸರಾದ ಊರು. ಅದು ಅಲ್ಲಿಯೇ ಬೆಳೆದುದಕ್ಕೆ ಭೂಗೋಳ ಕಾರಣ. ಸುತ್ತಲಿನ ಗುಡ್ಡಗಳಿಂದ ಡಾನ್, ಶೀಫ್, ಪೋರ್ಟರ್, ರಿವೆಲಿನ್, ಲಾಕ್ಸ್ಲಿ ಎಂಬ ಐದು ಹೊಳೆಗಳು ಇಳಿದು ಬರುತ್ತವೆ. ಇವು ದೊಡ್ಡ ನದಿಗಳಲ್ಲ. ಆದರೆ ಇಳಿಜಾರು ಚೆನ್ನಾಗಿರುವುದರಿಂದ ಪ್ರತಿ ಹೊಳೆಗೂ ಸಾಲಾಗಿ ಕಟ್ಟೆಗಳನ್ನು ಕಟ್ಟಿ ಚಕ್ರ ತಿರುಗಿಸಲು ಸಾಧ್ಯವಾಯಿತು. ಇಂಥ ನೂರಕ್ಕೂ ಹೆಚ್ಚು ಜಾಗಗಳು ಅಲ್ಲಿದ್ದವು. ಸಾಣೆಕಲ್ಲಿಗೆ ತಕ್ಕ ಮರಳುಗಲ್ಲು ಹತ್ತಿರದಲ್ಲೇ ಸಿಗುತ್ತಿತ್ತು. ಕಲ್ಲಿದ್ದಲೂ ಇತ್ತು.

ಆಬಿಡೇಲ್ ಇರುವುದು ಶೀಫ್ ಹೊಳೆಯ ದಡದಲ್ಲಿ. 1714ರ ದಾಖಲೆಗಳಲ್ಲಿಯೇ ಇದರ ಉಲ್ಲೇಖವಿದೆ. 1777ರಲ್ಲಿ ಕಟ್ಟೆಯನ್ನು ದೊಡ್ಡದು ಮಾಡಲಾಯಿತು. 1785ರಲ್ಲಿ ಸುತ್ತಿಗೆಯ ಮನೆಯೂ 1817ರಲ್ಲಿ ಸಾಣೆಮನೆಯೂ ಕಟ್ಟಲ್ಪಟ್ಟವು. 1830ರ ಹೊತ್ತಿಗೆ ಉಕ್ಕು ಕರಗಿಸುವ ಕುಲುಮೆಯೂ ಸೇರಿತು. 1849ರಿಂದ 1930ರ ದಶಕದವರೆಗೆ ಟೈಜಾಕ್ ಮನೆತನದವರು ಇದನ್ನು ನಡೆಸಿದರು. ಇಲ್ಲಿ ಮುಖ್ಯವಾಗಿ ತಯಾರಾಗುತ್ತಿದ್ದುದು ಸೈತ್. ಇದು ನಿಂತುಕೊಂಡೇ ಎರಡೂ ಕೈಗಳಿಂದ ಬೀಸಿ ಹುಲ್ಲನ್ನೂ ಪೈರನ್ನೂ ಕೊಯ್ಯುವ ಉದ್ದ ಹಿಡಿಯ ದೊಡ್ಡ ಕುಡುಗೋಲು. ಅಲಗು ಸುಮಾರು ಒಂದು ಮೀಟರ್ ಉದ್ದ, ಆದರೆ ಬಹಳ ತೆಳು. ಇಷ್ಟು ಉದ್ದದ ತೆಳುವಾದ ಅಲಗು ಬಾಗಬಾರದು, ಮುರಿಯಬಾರದು, ಬೇಗ ಮೊಂಡಾಗಲೂಬಾರದು. ಕಷ್ಟವಿರುವುದು ಇಲ್ಲಿಯೇ.

ಕಟ್ಟೆ, ತೂಬು, ಚಕ್ರ

ಕಾರ್ಖಾನೆಯ ಹಿಂಬದಿಗೆ ಹೋದರೆ ಮೊದಲು ಕಾಣುವುದು ಉದ್ದನೆಯ ಕೊಳ. ಹೊಳೆಗೆ ಅಡ್ಡಲಾಗಿ ಒಡ್ಡು ಹಾಕಿ, ಕಾಲುವೆಯಲ್ಲಿ ನೀರನ್ನು ತಿರುಗಿಸಿ ಇಲ್ಲಿ ತುಂಬಿಸುತ್ತಾರೆ. ನಮ್ಮ ಕೆರೆಗಳಂತೆ ಇಲ್ಲಿಯೂ ತೂಬುಗಳಿವೆ. ತೂಬನ್ನು ಎತ್ತಿದೊಡನೆ ನೀರು ಚಕ್ರದ ತೊಟ್ಟಿಗಳಿಗೆ ಬೀಳುತ್ತದೆ. ಒಂದು ಬದಿ ಭಾರವಾಗಿ ಚಕ್ರ ತಿರುಗತೊಡಗುತ್ತದೆ. ಇಲ್ಲಿ ಒಟ್ಟು ನಾಲ್ಕು ಚಕ್ರಗಳಿವೆ. ಒಂದು ಸುತ್ತಿಗೆಗಳಿಗೆ, ಒಂದು ಸಾಣೆಕಲ್ಲುಗಳಿಗೆ, ಒಂದು ಗಾಳಿ ಊದುವ ಯಂತ್ರಕ್ಕೆ, ಮತ್ತೊಂದು ಅಲಗಿಗೆ ತೂತು ಕೊರೆಯುವ ಯಂತ್ರಕ್ಕೆ. ಮೊದಲಿನ ಎರಡು ಚಕ್ರಗಳು ದೊಡ್ಡವು. ಅವುಗಳ ವ್ಯಾಸ ಸುಮಾರು 5.5 ಮೀಟರ್.

ಹರಿಯುವ ನೀರಿನಲ್ಲಿ ಚಕ್ರವನ್ನು ಸುಮ್ಮನೆ ಅದ್ದಿದರೂ ಅದು ತಿರುಗುತ್ತದಲ್ಲ, ಹಾಗಿದ್ದರೆ ಕಟ್ಟೆ ಏಕೆ? ಈ ಪ್ರಶ್ನೆಗೆ ಪ್ರಯೋಗದ ಮೂಲಕ ಉತ್ತರ ಕೊಟ್ಟವರು ಇಂಗ್ಲೆಂಡಿನ ಇಂಜಿನಿಯರ್ ಜಾನ್ ಸ್ಮೀಟನ್. 1759ರಲ್ಲಿ ಅವರು ಮಾದರಿ ಚಕ್ರಗಳ ಮೇಲಿನ ಪ್ರಯೋಗಗಳನ್ನು ಪ್ರಕಟಿಸಿದರು. ಅಡಿಯಲ್ಲಿ ಹರಿಯುವ ನೀರು ತಳ್ಳುವ ಚಕ್ರಕ್ಕಿಂತ, ಮೇಲಿನಿಂದ ತೊಟ್ಟಿಗಳಿಗೆ ತುಂಬಿ ತೂಕದಿಂದ ಇಳಿಯುವ ನೀರಿನ ಚಕ್ರ ಸುಮಾರು ಎರಡರಷ್ಟು ದಕ್ಷವೆಂದು ಅವರು ಕಂಡುಕೊಂಡರು. ನೀರು ಹಲಗೆಗೆ ಅಪ್ಪಳಿಸಿದಾಗ ಅದರ ಚಲನ ಶಕ್ತಿಯ ಬಹುಭಾಗ ಸುಳಿಯಾಗಿ, ಸಿಡಿಯಾಗಿ ವ್ಯರ್ಥವಾಗುತ್ತದೆ. ತೊಟ್ಟಿಯಲ್ಲಿ ಕುಳಿತು ನಿಧಾನವಾಗಿ ಇಳಿಯುವ ನೀರಾದರೋ ತನ್ನ ಪ್ರಚ್ಛನ್ನ ಶಕ್ತಿಯ ಹೆಚ್ಚಿನ ಪಾಲನ್ನು ಚಕ್ರಕ್ಕೆ ಕೊಟ್ಟು ಹೋಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಸೆಕೆಂಡಿಗೆ 200 ಲೀಟರ್ ನೀರು 5 ಮೀಟರ್ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಒಂದು ಲೀಟರ್ ನೀರಿನ ರಾಶಿ 1 ಕಿ.ಗ್ರಾಂ. ಆಗ ಸೆಕೆಂಡಿಗೆ ದೊರೆಯುವ ಶಕ್ತಿ 200 × 9.8 × 5 = 9,800 ಜೂಲ್, ಅಂದರೆ 9.8 ಕಿಲೋವಾಟ್. ಚಕ್ರದ ದಕ್ಷತೆ ಶೇ. 60 ಎಂದುಕೊಂಡರೆ ಕೈಗೆ ಸಿಗುವುದು 5.9 ಕಿಲೋವಾಟ್, ಅಂದರೆ ಸುಮಾರು 8 ಅಶ್ವಶಕ್ತಿ. ಇದು ತೋಟದ ಒಂದು ಬೋರ್‌ವೆಲ್ ಪಂಪಿನ ಸಾಮರ್ಥ್ಯಕ್ಕೆ ಸಮ.

ಆದರೆ ಸಣ್ಣ ಹೊಳೆಯಲ್ಲಿ ಸೆಕೆಂಡಿಗೆ 200 ಲೀಟರ್ ಸದಾ ಹರಿಯುವುದಿಲ್ಲ. ಬೇಸಿಗೆಯಲ್ಲಿ 50 ಲೀಟರ್ ಮಾತ್ರ ಬರುತ್ತಿದ್ದರೆ? ರಾತ್ರಿ 12 ಗಂಟೆಗಳ ಕಾಲ ತೂಬು ಮುಚ್ಚಿಟ್ಟರೆ 21,60,000 ಲೀಟರ್ ಸಂಗ್ರಹವಾಗುತ್ತದೆ. ಬೆಳಗ್ಗೆ ಸೆಕೆಂಡಿಗೆ 200 ಲೀಟರ್ ಬಳಸತೊಡಗಿದರೆ, ಒಳಬರುವ 50 ಲೀಟರನ್ನು ಕಳೆದು, ಕೊಳದಿಂದ 150 ಲೀಟರ್ ಖಾಲಿಯಾಗುತ್ತದೆ. ಹೀಗೆ ಅದು ನಾಲ್ಕು ಗಂಟೆ ಬಾಳುತ್ತದೆ. ಅಂದರೆ ಕಟ್ಟೆಯ ಕೊಳ ಒಂದು ಬ್ಯಾಟರಿ ಇದ್ದಂತೆ. ರಾತ್ರಿ ಚಾರ್ಜು, ಹಗಲು ಬಳಕೆ. ನೀರು ಮುಗಿದರೆ ಕೆಲಸವೂ ನಿಂತಂತೆ, ಕೂಲಿಯೂ ನಿಂತಂತೆ. ಇದೇ ತೊಂದರೆಯಿಂದಾಗಿ 1855ರಲ್ಲಿ ಸಾಣೆಮನೆಗೆ ನೆರವಾಗಿ ಉಗಿ ಯಂತ್ರವೊಂದನ್ನು ಇಲ್ಲಿ ಕೂರಿಸಬೇಕಾಯಿತು.

ಮೂಸೆಯಲ್ಲಿ ಕರಗಿದ ಉಕ್ಕು

ಮುಂದಿನ ಕಟ್ಟಡ ಉಕ್ಕು ಕರಗಿಸುವ ಮನೆ. ಮೆದು ಕಬ್ಬಿಣದಲ್ಲಿ ಇಂಗಾಲ ಇಲ್ಲವೆನ್ನುವಷ್ಟು ಕಡಿಮೆ. ಅದು ಬಾಗುತ್ತದೆ, ಆದರೆ ಅಲಗು ನಿಲ್ಲುವುದಿಲ್ಲ. ಸುಮಾರು ಶೇ. 1ರಷ್ಟು ಇಂಗಾಲ ಸೇರಿದರೆ ಅದು ಗಡಸಾಗಬಲ್ಲ ಉಕ್ಕಾಗುತ್ತದೆ. ಹಿಂದೆ ಷೆಫೀಲ್ಡಿನಲ್ಲಿ ಕಬ್ಬಿಣದ ಪಟ್ಟಿಗಳನ್ನು ಇದ್ದಿಲ ಪುಡಿಯಲ್ಲಿ ಹುದುಗಿಸಿ ಒಂದು ವಾರದಷ್ಟು ಕಾಲ ಕಾಯಿಸುತ್ತಿದ್ದರು. ಇಂಗಾಲ ಹೊರಗಿನಿಂದ ಒಳಕ್ಕೆ ಇಳಿಯುತ್ತಿತ್ತು. ಆದರೆ ಹೊರಭಾಗದಲ್ಲಿ ಹೆಚ್ಚು, ಒಳಭಾಗದಲ್ಲಿ ಕಡಿಮೆ ಇಂಗಾಲವಿರುವ ಅಸಮ ಉಕ್ಕು ಸಿಗುತ್ತಿತ್ತು. ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ತಯಾರಕರಿಗೆ ಇಂಥ ಉಕ್ಕಿನಿಂದ ಒಳ್ಳೆಯ ಸ್ಪ್ರಿಂಗ್ ಮಾಡಲಾಗಲಿಲ್ಲ. 1740ರ ದಶಕದಲ್ಲಿ ಅವರು ಈ ಉಕ್ಕನ್ನು ಮಣ್ಣಿನ ಮೂಸೆಯಲ್ಲಿ ಪೂರ್ತಿ ಕರಗಿಸಿ ಅಚ್ಚಿಗೆ ಸುರಿಯುವ ವಿಧಾನವನ್ನು ಷೆಫೀಲ್ಡಿನಲ್ಲಿ ರೂಪಿಸಿದರು. ಕರಗಿದಾಗ ಇಂಗಾಲ ಎಲ್ಲೆಡೆ ಸಮನಾಗಿ ಬೆರೆಯುತ್ತದೆ.

ಆಬಿಡೇಲ್‌ನಲ್ಲಿ ಮೂಸೆಯ ಮಣ್ಣನ್ನು ಬರಿಗಾಲಿನಲ್ಲಿ ಗಂಟೆಗಟ್ಟಲೆ ತುಳಿದು ಹದ ಮಾಡುತ್ತಿದ್ದರು. ಮಣ್ಣಿನೊಳಗೆ ಒಂದು ಗಾಳಿಗುಳ್ಳೆ ಅಥವಾ ಕಲ್ಲಿನ ಹರಳು ಉಳಿದರೂ ಮೂಸೆ ಬೆಂಕಿಯಲ್ಲಿ ಒಡೆಯುತ್ತದೆ. ಬರಿಗಾಲಿಗೆ ಅದು ತಿಳಿಯುತ್ತದೆ. ಒಂದು ಮೂಸೆಯಲ್ಲಿ ಸುಮಾರು 25 ಕಿ.ಗ್ರಾಂ ಉಕ್ಕು; ಉಷ್ಣತೆ 1550° ಸೆ.ಗಿಂತ ಹೆಚ್ಚು. ಕೆಲಸಗಾರರು ನೀರಿನಲ್ಲಿ ನೆನೆಸಿದ ಗೋಣಿಯನ್ನು ಕಾಲಿಗೂ ತೋಳಿಗೂ ಸುತ್ತಿಕೊಂಡು ಬೆಳ್ಳಗೆ ಉರಿಯುವ ಮೂಸೆಯನ್ನು ಇಕ್ಕಳದಿಂದ ಮೇಲೆತ್ತುತ್ತಿದ್ದರು. ಈ ಕುಲುಮೆ ಇಂದಿಗೂ ಮೂಲ ಸ್ಥಿತಿಯಲ್ಲಿದೆ. ಇಂಥವು ಉಳಿದಿರುವುದು ಬಹಳ ವಿರಳ.

ಕನ್ನಡಿಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮೂಸೆಯಲ್ಲಿ ಉಕ್ಕು ಮಾಡುವ ಕಲೆ ಹಂಟ್ಸ್‌ಮನ್‌ಗಿಂತ ಎಷ್ಟೋ ಶತಮಾನಗಳ ಮೊದಲೇ ದಕ್ಷಿಣ ಭಾರತದಲ್ಲಿತ್ತು. ಮೆದು ಕಬ್ಬಿಣದ ತುಂಡಿನೊಡನೆ ತಂಗಡಿ ಗಿಡದ ಕಡ್ಡಿ, ಹಸಿ ಎಲೆಗಳನ್ನು ಸಣ್ಣ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ತಿದಿ ಒತ್ತಿ ಕಾಯಿಸುತ್ತಿದ್ದರು. ಗಿಡದ ಇಂಗಾಲ ಕಬ್ಬಿಣಕ್ಕೆ ಸೇರುತ್ತಿತ್ತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇದನ್ನು ಕಣ್ಣಾರೆ ಕಂಡು ಬರೆದಿದ್ದಾರೆ. ಈ ಉಕ್ಕಿಗೆ ಯುರೋಪಿನಲ್ಲಿ ‘ವೂಟ್ಜ್’ ಎಂದು ಹೆಸರು. ಇದು ನಮ್ಮ ‘ಉಕ್ಕು’ ಎಂಬ ಪದದಿಂದಲೇ ಬಂದಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಹಂಟ್ಸ್‌ಮನ್‌ಗೆ ಈ ವಿಧಾನ ತಿಳಿದಿತ್ತು ಎನ್ನಲು ಆಧಾರವಿಲ್ಲ. ಆದರೆ 1795ರಲ್ಲಿ ಜಾರ್ಜ್ ಪಿಯರ್ಸನ್ ವೂಟ್ಜ್ ಬಗ್ಗೆ ರಾಯಲ್ ಸೊಸೈಟಿಗೆ ಪ್ರಬಂಧ ಸಲ್ಲಿಸಿದರು. ಆ ಮೇಲೆ ಮೈಕೆಲ್ ಫ್ಯಾರಡೆ ಮತ್ತು ಜೇಮ್ಸ್ ಸ್ಟೋಡಾರ್ಟ್ ವೂಟ್ಜ್‌ನ ಗುಟ್ಟು ಹುಡುಕುತ್ತ ಮಿಶ್ರ ಉಕ್ಕುಗಳ ಪ್ರಯೋಗಗಳನ್ನು ನಡೆಸಿ 1820ರಲ್ಲಿ ಪ್ರಕಟಿಸಿದರು. ಅದರ ದೊಡ್ಡ ಪ್ರಮಾಣದ ಪರೀಕ್ಷೆಗಳು ನಡೆದುದು ಷೆಫೀಲ್ಡಿನ ಕುಲುಮೆಗಳಲ್ಲಿಯೇ.

ಸುತ್ತಿಗೆಯ ಮನೆ

ಸೈತ್‌ನ ಅಲಗು ಬರಿಯ ಉಕ್ಕಿನದಲ್ಲ. ಎರಡು ಮೆದು ಕಬ್ಬಿಣದ ಪಟ್ಟಿಗಳ ನಡುವೆ ಒಂದು ಉಕ್ಕಿನ ಪಟ್ಟಿಯನ್ನಿಟ್ಟು ಬೆಳ್ಳಗಾಗುವಷ್ಟು ಕಾಯಿಸಿ ಬಡಿದು ಬೆಸೆಯುತ್ತಾರೆ. ಇದು ಪೆನ್ಸಿಲ್ ಇದ್ದಂತೆ. ಹೊರಗಿನ ಮರ ಬಲ ಕೊಡುತ್ತದೆ, ಬರೆಯುವುದು ಮಾತ್ರ ನಡುವಿನ ಗ್ರಾಫೈಟ್ ಕಡ್ಡಿ. ಹಾಗೆಯೇ ಇಲ್ಲಿ ಹೊರಗಿನ ಕಬ್ಬಿಣ ಅಲಗು ಮುರಿಯದಂತೆ ಕಾಯುತ್ತದೆ. ಎಷ್ಟು ಸಲ ಮಸೆದರೂ ಅಂಚಿನಲ್ಲಿ ಹೊರಬರುವುದು ಉಕ್ಕೇ. ದುಬಾರಿಯಾದ ಉಕ್ಕು ಕಡಿಮೆ ಸಾಕು ಎಂಬುದು ಇನ್ನೊಂದು ಲಾಭ. ನಮ್ಮ ಕಮ್ಮಾರರು ಕೊಡಲಿಯ ಬಾಯಿಗೆ ಮಾತ್ರ ಉಕ್ಕು ಬೆಸೆಯುವುದರ ಹಿಂದಿನ ತತ್ವವೂ ಇದೇ.

ಈ ಬೆಸುಗೆಯಲ್ಲಿ ಸಮಯವೇ ಎಲ್ಲ. ಕಾದ ಲೋಹ ವಿಕಿರಣದಿಂದ ಕಳೆದುಕೊಳ್ಳುವ ಶಾಖ ಅದರ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ಅಂದರೆ ಬೆಳ್ಳಗೆ ಕಾದ ಪಟ್ಟಿ ಕೆಂಪಗೆ ಕಾದುದಕ್ಕಿಂತ ಬಹಳ ಬೇಗ ತಣಿಯುತ್ತದೆ. ತೆಳುವಾದಷ್ಟೂ ಇನ್ನೂ ಬೇಗ. ಕೆಲವೇ ಕ್ಷಣಗಳಲ್ಲಿ ಹತ್ತಾರು ಪೆಟ್ಟು ಬೀಳಬೇಕು. ಇದು ಕೈಚಮ್ಮಟಿಗೆಗೆ ಕಷ್ಟ, ನೀರಿನ ಸುತ್ತಿಗೆಗೆ ಸುಲಭ.

ಸುತ್ತಿಗೆಯ ರಚನೆ ಸರಳ. ಬಾವಿಯ ಏತವನ್ನು ನೆನಪಿಸಿಕೊಳ್ಳಿ. ದಪ್ಪನೆಯ ಮರದ ತೊಲೆಯೊಂದು ನಡುವಿನ ಆಧಾರದ ಮೇಲೆ ಏರಿಳಿಯುತ್ತದೆ. ತೊಲೆಯ ಒಂದು ತುದಿಯಲ್ಲಿ ಸುತ್ತಿಗೆಯ ತಲೆ. ಇನ್ನೊಂದು ತುದಿಯ ಬಳಿ, ಚಕ್ರಕ್ಕೆ ಹೊಂದಿದ ದಂಡದ ಮೇಲೆ ಕ್ಯಾಮ್ ಎಂಬ ಉಬ್ಬುಗಳಿರುವ ಬಳೆ. ದಂಡ ತಿರುಗಿದಂತೆ ಒಂದೊಂದು ಉಬ್ಬೂ ತೊಲೆಯ ಬಾಲವನ್ನು ಕೆಳಗೆ ಒತ್ತಿ ಬಿಡುತ್ತದೆ. ತಲೆ ಮೇಲೇರಿ ಕೆಳಗಿನ ಅಡಿಗಲ್ಲಿಗೆ ಬೀಳುತ್ತದೆ. ದಂಡ ನಿಮಿಷಕ್ಕೆ 10 ಸುತ್ತು ತಿರುಗಿ, ಬಳೆಯಲ್ಲಿ 12 ಉಬ್ಬುಗಳಿದ್ದರೆ ನಿಮಿಷಕ್ಕೆ 120 ಪೆಟ್ಟು. ಉಬ್ಬುಗಳ ಸಂಖ್ಯೆ ಬದಲಿಸಿದರೆ ವೇಗವೂ ಬದಲಾಗುತ್ತದೆ. ಇಲ್ಲಿ ಎರಡು ಸುತ್ತಿಗೆಗಳಿವೆ. ಬೇಗ ಬಡಿಯುವುದು ಬೆಸುಗೆಗೆ, ನಿಧಾನವಾಗಿ ಬಡಿಯುವುದು ಬೆಸೆದ ಪಟ್ಟಿಯನ್ನು ಅಗಲಿಸಿ ತೆಳುವಾಗಿಸುವುದಕ್ಕೆ.

ಲೆಕ್ಕದ ಅನುಕೂಲಕ್ಕಾಗಿ ತಲೆಯ ರಾಶಿ 150 ಕಿ.ಗ್ರಾಂ, ಏರುವ ಎತ್ತರ 20 ಸೆಂ.ಮೀ. ಎಂದುಕೊಳ್ಳೋಣ. ಒಂದು ಪೆಟ್ಟಿನ ಶಕ್ತಿ 150 × 9.8 × 0.2 = 294 ಜೂಲ್. ಸೆಕೆಂಡಿಗೆ ಎರಡು ಪೆಟ್ಟಾದರೆ 588 ವಾಟ್. ದಿನವಿಡೀ ದುಡಿಯುವ ಒಬ್ಬ ಆರೋಗ್ಯವಂತನಿಂದ ಸಿಗುವುದು ಸರಾಸರಿ 75 ವಾಟ್. ಅಂದರೆ ಇಂಥ ಒಂದು ಸುತ್ತಿಗೆ ಸುಮಾರು ಎಂಟು ಜನರ ತೋಳುಗಳಿಗೆ ಸಮ. ಆದರೆ ಪಟ್ಟಿಯನ್ನು ಯಾವಾಗ ಮುಂದಕ್ಕೆ ಸರಿಸಬೇಕು, ಯಾವಾಗ ಮಗುಚಬೇಕು ಎಂಬುದು ಸುತ್ತಿಗೆಗೆ ಗೊತ್ತಿಲ್ಲ. ಅದನ್ನು ನಿರ್ಧರಿಸುವವನು ಚಾವಣಿಯಿಂದ ತೂಗುಬಿಟ್ಟ ಆಸನದಲ್ಲಿ ಕುಳಿತು, ಕಾಲಿನಿಂದ ಹಿಂದಕ್ಕೂ ಮುಂದಕ್ಕೂ ಜೀಕುತ್ತ ಅಲಗನ್ನು ಹಿಡಿದಿರುತ್ತಿದ್ದ ಕಮ್ಮಾರ.

ಹದ ಎಂದರೇನು?

ಬಡಿದು ಆಕಾರ ಬಂದ ಅಲಗು ಇನ್ನೂ ಮೆದುವೇ. ಅದನ್ನು ಮತ್ತೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಕೆಂಪಗೆ ಕಾದಾಗ ಉಕ್ಕಿನ ಸ್ಫಟಿಕ ರಚನೆ ಬದಲಾಗಿ, ಇಂಗಾಲದ ಪರಮಾಣುಗಳು ಕಬ್ಬಿಣದ ಪರಮಾಣುಗಳ ನಡುವೆ ಸುಲಭವಾಗಿ ಹುದುಗುತ್ತವೆ. ನಿಧಾನವಾಗಿ ತಣಿಸಿದರೆ ಇಂಗಾಲ ಹೊರಬಂದು ಬೇರೆ ಪದರವಾಗುತ್ತದೆ, ಉಕ್ಕು ಮೆದುವಾಗುತ್ತದೆ. ಥಟ್ಟನೆ ತಣಿಸಿದರೆ ಹೊರಬರಲು ಸಮಯವಿಲ್ಲ. ಇಂಗಾಲ ಸಿಕ್ಕಿಬಿದ್ದು ಜಾಲವನ್ನು ಸೆಟೆದು ನಿಲ್ಲಿಸುತ್ತದೆ. ಇದೇ ಮಾರ್ಟೆನ್ಸೈಟ್ ಎಂಬ ರಚನೆ. ಇದು ಬಹಳ ಗಡಸು, ಆದರೆ ಗಾಜಿನಂತೆ ಬಿರುಸು.

ಹಾಗಾಗಿ ಅಲಗನ್ನು ಮತ್ತೊಮ್ಮೆ ಮೆಲ್ಲಗೆ ಕಾಯಿಸಬೇಕು. ಸ್ವಲ್ಪ ಗಡಸುತನ ಬಿಟ್ಟುಕೊಟ್ಟು ಬದಲಿಗೆ ಗಟ್ಟಿತನ ಪಡೆಯುವ ಈ ಕೆಲಸವೇ ಹದ. ಉಷ್ಣಮಾಪಕವಿಲ್ಲದ ಕಾಲದಲ್ಲಿ ಉಷ್ಣತೆಯನ್ನು ತಿಳಿದುದು ಹೇಗೆ? ಉಜ್ಜಿದ ಉಕ್ಕನ್ನು ಕಾಯಿಸಿದರೆ ಮೇಲ್ಮೈಯಲ್ಲಿ ತೆಳುವಾದ ಆಕ್ಸೈಡ್ ಪೊರೆ ಬೆಳೆಯುತ್ತದೆ. ಸಾಬೂನಿನ ಗುಳ್ಳೆಯಲ್ಲಿ ಕಾಣುವಂತೆ ಇಲ್ಲಿಯೂ ಬೆಳಕಿನ ವ್ಯತಿಕರಣದಿಂದ ಬಣ್ಣಗಳು ಮೂಡುತ್ತವೆ. ಸುಮಾರು 220° ಸೆ.ನಲ್ಲಿ ಒಣಹುಲ್ಲಿನ ಬಣ್ಣ, 255°ಯಲ್ಲಿ ಕಂದು, 280°ಯಲ್ಲಿ ನೇರಳೆ, 300°ಯಲ್ಲಿ ನೀಲಿ. ಬಣ್ಣ ನೋಡಿ ಸರಿಯಾದ ಗಳಿಗೆಯಲ್ಲಿ ಬೆಂಕಿಯಿಂದ ತೆಗೆಯುವುದು ಕಣ್ಣಿನ ಕೆಲಸ. ಇದನ್ನು ನೀರಿನ ಚಕ್ರ ಮಾಡಲಾರದು.

ಸಾಣೆಮನೆಯ ದೂಳು

ಕೊನೆಯದು ಸಾಣೆಮನೆ. ಆಳೆತ್ತರದ ಮರಳುಗಲ್ಲಿನ ಚಕ್ರಗಳು ಸಾಲಾಗಿವೆ. ಒಂದೊಂದರ ಹಿಂದೆಯೂ ಕುದುರೆಯ ಜೀನಿನಂಥ ಮರದ ಆಸನ. ಸಾಣೆಯವರು ಅದರ ಮೇಲೆ ಕಾಲು ಚಾಚಿ ಕುಳಿತು, ಮೈಭಾರ ಹಾಕಿ ಅಲಗನ್ನು ಕಲ್ಲಿಗೆ ಒತ್ತುತ್ತಿದ್ದರು. ಕಲ್ಲಿನ ಅಡಿಭಾಗ ನೀರಿನ ತೊಟ್ಟಿಯಲ್ಲಿ ಮುಳುಗಿರುತ್ತಿತ್ತು. ಘರ್ಷಣೆಯ ಶಾಖದಿಂದ ಅಲಗಿನ ಹದ ಕೆಡದಿರಲು ಈ ನೀರು ಬೇಕು. ಬಿರುಕಿದ್ದ ಕಲ್ಲು ವೇಗವಾಗಿ ತಿರುಗುವಾಗ ಸಿಡಿದು ಸಾವು ತರುವುದೂ ಈ ಕಸುಬಿನಲ್ಲಿತ್ತು.

ಆದರೆ ಸಿಡಿದ ಕಲ್ಲಿಗಿಂತ ಹೆಚ್ಚು ಜನರನ್ನು ಕೊಂದದ್ದು ಕಣ್ಣಿಗೆ ಕಾಣದ ದೂಳು. ಷೆಫೀಲ್ಡಿನ ವೈದ್ಯ ಅರ್ನಾಲ್ಡ್ ನೈಟ್ 19ನೆಯ ಶತಮಾನದ ಮೊದಲ ಭಾಗದಲ್ಲಿ ‘ಸಾಣೆಯವರ ಉಬ್ಬಸ’ ಎಂಬ ಈ ಕಾಯಿಲೆಯನ್ನು ವಿವರಿಸಿದರು. ನೀರಿಲ್ಲದ ಒಣ ಕಲ್ಲಿನ ಮೇಲೆ ಫೋರ್ಕುಗಳನ್ನು ಮಸೆಯುವವರು 28ರಿಂದ 32ನೆಯ ವಯಸ್ಸಿನಲ್ಲಿಯೇ ಸಾಯುತ್ತಿದ್ದರೆಂದು ಅವರು ಬರೆದರು. ನೀರಿನ ಕಲ್ಲಿನಲ್ಲಿ ಕೆಲಸ ಮಾಡುವವರು ಹೆಚ್ಚು ಕಾಲ ಬದುಕುತ್ತಿದ್ದರು, ಆದರೆ ಅವರೂ ಅಪಾಯದಿಂದ ದೂರವಿರಲಿಲ್ಲ. ಹೊಸ ಕಲ್ಲನ್ನು ಗುಂಡಗೆ ಕೆತ್ತಿ ಸರಿಪಡಿಸುವಾಗ ಒಣ ದೂಳು ಕೋಣೆಯನ್ನೆಲ್ಲ ತುಂಬುತ್ತಿತ್ತು.

1820ರ ದಶಕದ ಆರಂಭದಲ್ಲಿ ಷೆಫೀಲ್ಡಿನ ಅಬ್ರಹಾಂ ಎಂಬವರು ಅಯಸ್ಕಾಂತಗಳಿಂದ ದೂಳು ಹಿಡಿಯುವ ಸಾಧನವೊಂದನ್ನು ಮಾಡಿದರು. ಉದ್ದೇಶ ಒಳ್ಳೆಯದೇ. ಆದರೆ ಅಯಸ್ಕಾಂತ ಸೆಳೆಯುವುದು ಉಕ್ಕಿನ ಕಣಗಳನ್ನು ಮಾತ್ರ. ನಿಜವಾದ ಕೊಲೆಗಾರ ಮರಳುಗಲ್ಲಿನ ಸಿಲಿಕ. ಅದು ಅಯಸ್ಕಾಂತಕ್ಕೆ ಸಿಕ್ಕುವುದಿಲ್ಲ. ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ಚಿಕ್ಕದಾದ ಸಿಲಿಕ ಕಣಗಳು ಶ್ವಾಸಕೋಶದ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಅವನ್ನು ನುಂಗಿದ ರಕ್ಷಕ ಜೀವಕೋಶಗಳು ತಾವೇ ಸಾಯುತ್ತವೆ. ಅಲ್ಲಿ ಗಾಯದ ಗಂಟು ಕಟ್ಟುತ್ತದೆ. ಶ್ವಾಸಕೋಶ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ, ಕ್ಷಯರೋಗಕ್ಕೂ ದಾರಿಯಾಗುತ್ತದೆ. ಇದೇ ಸಿಲಿಕೋಸಿಸ್. ಒಮ್ಮೆ ಬಂದರೆ ವಾಸಿಯಿಲ್ಲ, ತಡೆಯುವುದೊಂದೇ ದಾರಿ. ದೂಳನ್ನು ಹುಟ್ಟುವ ಜಾಗದಲ್ಲಿಯೇ ಹೀರಿ ಹೊರಹಾಕುವ ಫ್ಯಾನುಗಳು ಹಾಗೂ ಮರಳುಗಲ್ಲಿನ ಬದಲು ಅಲ್ಯೂಮಿನಿಯಂ ಆಕ್ಸೈಡ್, ಸಿಲಿಕಾನ್ ಕಾರ್ಬೈಡ್‌ನಂಥ ಕೃತಕ ಸಾಣೆಚಕ್ರಗಳು ಬಂದ ಮೇಲೆ ಈ ಕಸುಬಿನಲ್ಲಿ ಅಪಾಯ ತಗ್ಗಿತು.

ಇದು ದೂರದ ದೇಶದ ಹಳೆಯ ಕತೆ ಎಂದುಕೊಳ್ಳುವಂತಿಲ್ಲ. ಬೆಣಚುಕಲ್ಲಿನಲ್ಲಿ ಚಿನ್ನ ಹುಡುಕಿದ ಕೋಲಾರದ ಗಣಿ ಕಾರ್ಮಿಕರನ್ನು ಇದೇ ಕಾಯಿಲೆ ಕಾಡಿತು. ಕಲ್ಲು ಪುಡಿಮಾಡುವ ಕ್ರಷರ್‌ಗಳಲ್ಲಿ, ಗುಜರಾತಿನ ಖಂಭಾತ್‌ನಲ್ಲಿ ಅಗೇಟ್ ಹರಳು ಉಜ್ಜುವ ಮನೆಗಳಲ್ಲಿ ಅದು ಇಂದಿಗೂ ಇದೆ.

ಉಳಿದಿರುವುದು

1970ರಲ್ಲಿ ಆಬಿಡೇಲ್ ವಸ್ತು ಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆಯಿತು. ಡೆವನ್ ಪ್ರಾಂತದ ಫಿಂಚ್ ಫೌಂಡ್ರಿ, ಉತ್ತರ ಐರ್ಲೆಂಡಿನ ಟೆಂಪಲ್‌ಪ್ಯಾಟ್ರಿಕ್‌ನ ಪ್ಯಾಟರ್ಸನ್ ಸಲಿಕೆ ಕಾರ್ಖಾನೆ ಇವೂ ನೀರಿನಿಂದ ನಡೆದ ಇಂಥವೇ ಉಪಕರಣ ಕಾರ್ಖಾನೆಗಳು.

ಈ ಸುತ್ತಾಟದಿಂದ ತಿಳಿಯುವುದೇನು? ಹೊಳೆಯ ನೀರು ಗಾಳಿ ಊದಿತು, ಬಡಿಯಿತು, ಕಲ್ಲು ತಿರುಗಿಸಿತು. ಮನುಷ್ಯನ ತೋಳಿನ ಭಾರವನ್ನು ಇಳಿಸಿತು. ಆದರೆ ಹದ ತಿಳಿಯುವ ಕಣ್ಣು ಮನುಷ್ಯನದೇ ಆಗಿ ಉಳಿಯಿತು. ದೂಳು ಕುಡಿದ ಶ್ವಾಸಕೋಶವೂ ಮನುಷ್ಯನದೇ. ಯಂತ್ರದ ದಕ್ಷತೆಯನ್ನು ಲೆಕ್ಕ ಹಾಕುವಾಗ ಎಷ್ಟು ನೀರು, ಎಷ್ಟು ವಾಟ್ ಎಂದು ಕೇಳುತ್ತೇವೆ. ಅದರ ಪಕ್ಕದಲ್ಲಿ ಕುಳಿತವರು ಏನನ್ನು ಉಸಿರಾಡುತ್ತಿದ್ದಾರೆ ಎಂಬುದನ್ನೂ ಅದೇ ಲೆಕ್ಕದಲ್ಲಿ ಸೇರಿಸುವುದನ್ನು ಕಲಿಯಬೇಕು.

ಮಾಡಿ ನೋಡಿ

ಮೂರು ದೊಡ್ಡ ಹೊಲಿಗೆ ಸೂಜಿಗಳನ್ನು ತೆಗೆದುಕೊಳ್ಳಿ. ಈ ಪ್ರಯೋಗವನ್ನು ಶಿಕ್ಷಕರ ಎದುರಿನಲ್ಲಿಯೇ, ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಂಡು ಮಾಡಿ.

1. ಮೊದಲ ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ಬರ್ನರಿನಲ್ಲಿ ಕೆಂಪಗೆ ಕಾಯಿಸಿ, ನಿಧಾನವಾಗಿ ಜ್ವಾಲೆಯಿಂದ ಮೇಲೆತ್ತಿ ತಣಿಯಲು ಬಿಡಿ. ಇಕ್ಕಳದಿಂದ ಬಾಗಿಸಿ. ಅದು ಮುರಿಯದೆ ಬಾಗುತ್ತದೆ.

2. ಎರಡನೆಯದನ್ನು ಕೆಂಪಗೆ ಕಾಯಿಸಿ ಥಟ್ಟನೆ ತಣ್ಣೀರಿನಲ್ಲಿ ಅದ್ದಿ. ಬಟ್ಟೆಯೊಳಗಿಟ್ಟು ಬಾಗಿಸಿ. ಅದು ಲಟಕ್ಕನೆ ಮುರಿಯುತ್ತದೆ.

3. ಮೂರನೆಯದನ್ನೂ ಹಾಗೆಯೇ ತಣ್ಣೀರಿನಲ್ಲಿ ಅದ್ದಿ, ಉಜ್ಜುಕಾಗದದಿಂದ ಹೊಳೆಯುವಂತೆ ಉಜ್ಜಿ. ಈಗ ಜ್ವಾಲೆಯ ಮೇಲೆ ದೂರದಲ್ಲಿ ಹಿಡಿದು ಮೆಲ್ಲಗೆ ಕಾಯಿಸಿ. ನೀಲಿ ಬಣ್ಣ ಮೂಡಿದೊಡನೆ ತೆಗೆಯಿರಿ. ತಣಿದ ಮೇಲೆ ಸ್ವಲ್ಪ ಬಾಗಿಸಿ ಬಿಡಿ. ಅದು ಸ್ಪ್ರಿಂಗಿನಂತೆ ಮತ್ತೆ ನೆಟ್ಟಗಾಗುತ್ತದೆ.

ಮೂರರಲ್ಲಿಯೂ ಇರುವುದು ಅದೇ ಕಬ್ಬಿಣ, ಅದೇ ಇಂಗಾಲ. ವ್ಯತ್ಯಾಸ ತಂದುದು ಯಾವುದು? ತರಗತಿಯಲ್ಲಿ ಚರ್ಚಿಸಿ. ನಿಮ್ಮೂರಿನಲ್ಲಿ ಕುಲುಮೆ ಇದ್ದರೆ ಅಲ್ಲಿನ ಕಮ್ಮಾರರನ್ನು ಕಂಡು, ಅವರು ಯಾವ ಬಣ್ಣ ನೋಡಿ ಕುಡುಗೋಲಿಗೆ ಹದ ಹಾಕುತ್ತಾರೆಂದು ಕೇಳಿ ಬರೆದಿಟ್ಟುಕೊಳ್ಳಿ.